ವಿಲ್ ಬರೆಯುವ ಮೊದಲು ಸಾಕ್ಷಿ ಹುಡುಕಿ

ನಮ್ಮ ದೊಡ್ಡಪ್ಪ ತೀರಿಕೊಂಡು ಕಾರ್ಯ ಎಲ್ಲ ಮುಗಿದ ಮೇಲೆ ದೊಡ್ಡಮ್ಮ ಬೀರುವಿನಿಂದ ಒಂದು ಕಂದು ಕವರ್ ತೆಗೆದುಕೊಟ್ಟರು. ಒಳಗೆ ಲಾಂಗ್ ಬುಕ್ಕಿನಿಂದ ಹರಿದ ಎರಡು ಹಾಳೆ. ದೊಡ್ಡಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು, ಅಕ್ಷರ ಕಾಪಿ ಬುಕ್ಕಿಗೆ ಹಾಕಬಹುದು, ಅಷ್ಟು ದುಂಡಗೆ. ಮನೆ ಯಾರಿಗೆ, ತೋಟ ಯಾರಿಗೆ, ಸೈಟು ಯಾರಿಗೆ, ಎಲ್ಲ ಬರೆದಿದ್ದರು. ಕೆಳಗೆ ಸಹಿ, ತಾರೀಖು, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ. ಸದ್ಯ, ಜಗಳ ಇಲ್ಲ ಅಂದುಕೊಂಡೆವು.

ಒಂದು ವಾರದಲ್ಲಿ ಗೊತ್ತಾಯಿತು. ಅದು ಬರೆದದ್ದು 2008ರಲ್ಲಿ, ಅವರು ಹೋಗಿದ್ದು 2021ರಲ್ಲಿ. ಮೊದಲನೇ ಸಾಕ್ಷಿ ಅವರದೇ ವಯಸ್ಸಿನ ಸ್ನೇಹಿತರು, ಮೂರು ವರ್ಷ ಮೊದಲೇ ಹೋಗಿಬಿಟ್ಟಿದ್ದರು. ಎರಡನೆಯದು ಬರೀ ಗೀಚಿದ ಸಹಿ, ಕೆಳಗೆ ಹೆಸರಿಲ್ಲ, ವಿಳಾಸ ಇಲ್ಲ. ತೋಟದ ಸರ್ವೆ ನಂಬರ್ ಇತ್ತು, ಅದರೊಳಗೆ ಯಾವ ತುಂಡು ಅಂತ ಹೇಳುವ ಹಿಸ್ಸಾ ನಂಬರ್ ಇರಲಿಲ್ಲ, ಅದೇ ಸರ್ವೆ ನಂಬರಿನಲ್ಲಿ ಇನ್ನೂ ಇಬ್ಬರು ದಾಯಾದಿಗಳ ಜಮೀನಿದೆ. ಇನ್ನು ಚಿಕ್ಕ ಮಗಳಿಗೆ ಅಂತ ಬರೆದಿದ್ದ ಸೈಟು? ಅದನ್ನು ದೊಡ್ಡಮ್ಮನ ಆಪರೇಷನ್‌ಗೆ ಅಂತ ದೊಡ್ಡಪ್ಪನೇ ಮಾರಿದ್ದರು. ವಿಲ್ ತಿದ್ದುವುದು ಮರೆತಿದ್ದರು. ಅಲ್ಲಿಗೆ ಆ ಮಗಳ ಪಾಲಿಗೆ ಕಾಗದದಲ್ಲಿ ಸೈಟು ಇದೆ, ಕೈಗೆ ಏನೂ ಇಲ್ಲ.

ಆ ವರ್ಷ ನಾನು ದೊಡ್ಡಪ್ಪನ ಮಗ, ಅಣ್ಣನ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸು, ತಾಲ್ಲೂಕು ಆಫೀಸು, ವಕೀಲರ ಮನೆ ಅಂತ ಓಡಾಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಒಂದಂತೂ ಅರ್ಥವಾಗಿದೆ. ವಿಲ್ ಓದುವ ಹೊತ್ತಿಗೆ ಬರೆದವರು ಎದುರಿಗೆ ಇರುವುದಿಲ್ಲ, "ನಾನು ಹೇಳಿದ್ದು ಹಾಗಲ್ಲ ಕಣಪ್ಪಾ" ಅನ್ನುವುದಕ್ಕೆ ಆಗುವುದಿಲ್ಲ. ಅವರ ಪರವಾಗಿ ಮಾತಾಡುವುದು ಆ ಕಾಗದ ಮತ್ತು ಇಬ್ಬರು ಸಾಕ್ಷಿಗಳು, ಅಷ್ಟೇ. ಹಾಗಾಗಿ ಒಕ್ಕಣೆಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಸಾಕ್ಷಿಗಳ ಬಗ್ಗೆ.

ವಿಲ್ ಮಾತೆತ್ತಿದರೆ "ಬಿಡ್ತು ಅನ್ನು, ಈಗಲೇ ಯಾಕೆ ಅದೆಲ್ಲ" ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಅನ್ನಲಿ ಬಿಡಿ.

ವಿಲ್ ಇಲ್ಲದಿದ್ದರೆ ಏನಾಗುತ್ತೆ

ತುಂಬಾ ಜನ "ನನಗೇನಿದೆ, ಹೆಂಡತಿ ಮಕ್ಕಳಿಗೆ ತಾನಾಗೇ ಹೋಗುತ್ತೆ" ಅಂದುಕೊಂಡಿರುತ್ತಾರೆ. ಹೋಗುತ್ತೆ, ಆದರೆ ನೀವು ಅಂದುಕೊಂಡ ಲೆಕ್ಕದಲ್ಲಿ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಬರೆಯದೆ ಹೋದರೆ ಅವನ ಸ್ವಂತ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಜೊತೆಗೆ ಅವನ ತಾಯಿ ಬದುಕಿದ್ದರೆ ಅವರಿಗೂ ಸಮ ಸಮ ಹಂಚಿಹೋಗುತ್ತದೆ. ತಂದೆ ಈ ಮೊದಲ ಸಾಲಿನಲ್ಲಿ ಇಲ್ಲ. ಇದನ್ನು ಹೇಳಿದಾಗ ನಂಬದವರೇ ಜಾಸ್ತಿ. ತಾಯಿಯ ಪಾಲು ಬಂತು ಅಂದರೆ ಮುಂದೆ ಆ ತಾಯಿ ವಿಲ್ ಬರೆಯದೆ ಹೋದಾಗ ಅದು ಅವರ ಬೇರೆ ಮಕ್ಕಳಿಗೂ ಹರಿಯುತ್ತದೆ. ಅಂದರೆ ನೀವು ಸಾಲ ಮಾಡಿ ಕಟ್ಟಿದ ಮನೆಯಲ್ಲಿ ನಿಮ್ಮ ತಮ್ಮನಿಗೂ ಒಂದು ಚೂರು ಬರಬಹುದು. ತಮ್ಮ ಒಳ್ಳೆಯವನೇ ಇರಬಹುದು, ಆದರೆ ಮನೆ ಮಾರುವ ದಿನ ಅವನ ಸಹಿಯೂ ಬೇಕಾಗುತ್ತದೆ.

ಹೆಂಗಸರ ವಿಷಯ ಇನ್ನೂ ಸೂಕ್ಷ್ಮ, ಇಲ್ಲಿ ಸ್ವಲ್ಪ ನಿಂತು ಓದಿ. ಮಕ್ಕಳಿಲ್ಲದ, ಗಂಡ ಇಲ್ಲದ ಹಿಂದೂ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ ಅವಳು ಸ್ವಂತ ದುಡಿದು ಸಂಪಾದಿಸಿದ್ದು ಮೊದಲು ಹೋಗುವುದು ಗಂಡನ ಕಡೆಯ ವಾರಸುದಾರರಿಗೆ. ಅವಳ ಹೆತ್ತ ತಾಯಿ ತಂದೆ ಆಮೇಲೆ. ತವರಿನಿಂದ ವಾರಸಾಗಿ ಬಂದ ಆಸ್ತಿಯಾದರೆ ಮಾತ್ರ ತಂದೆಯ ವಾರಸುದಾರರಿಗೆ ವಾಪಸ್ ಹೋಗುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದ ಒಂದು ಪ್ರಕರಣ ಇದೆ. ಮದುವೆಯಾದ ಮೂರು ತಿಂಗಳಿಗೆ ಗಂಡ ಹಾವು ಕಚ್ಚಿ ತೀರಿಕೊಂಡ. ಅತ್ತೆ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ದುಡಿದಳು, ದುಡ್ಡು ಉಳಿಸಿದಳು. 1996ರಲ್ಲಿ ವಿಲ್ ಇಲ್ಲದೆ ತೀರಿಕೊಂಡಳು. ಕೊನೆಗೆ ಅವಳ ಪಿಎಫ್, ಬ್ಯಾಂಕ್ ದುಡ್ಡು ಎಲ್ಲ ಯಾರಿಗೆ ಹೋಯಿತು ಅಂದರೆ ಗಂಡನ ಮನೆಯವರಿಗೆ. ಕಾನೂನು ಹಾಗಿದೆ, ಕನಿಕರಕ್ಕೆ ಜಾಗ ಇಲ್ಲ ಅಂತ ಕೋರ್ಟ್ ಕೈಚೆಲ್ಲಿತು. 2025ರ ನವೆಂಬರ್‌ನಲ್ಲಿ ಇದೇ ಸುಪ್ರೀಂ ಕೋರ್ಟ್ ಹೆಂಗಸರು, ಅದರಲ್ಲೂ ಹಿಂದೂ ಹೆಂಗಸರು, ವಿಲ್ ಮಾಡಿಡಿ ಅಂತ ಮನವಿಯನ್ನೇ ಮಾಡಿದೆ. ಸ್ವಂತ ದುಡ್ಡಿರುವ ಅಕ್ಕ ತಂಗಿಯರೇ, ಗಂಡನ ವಿಲ್ ಬಗ್ಗೆ ಯೋಚನೆ ಮಾಡುವ ಮೊದಲು ನಿಮ್ಮದು ಬರೆಯಿರಿ.

ಏನನ್ನು ಬರೆಯಬಹುದು, ಏನನ್ನು ಬರೆಯಬಾರದು

ನಿಮ್ಮದಲ್ಲದ್ದನ್ನು ವಿಲ್‌ನಲ್ಲಿ ಬರೆದರೆ ಅದು ಬರೀ ಕಾಗದ. ಸ್ವಯಾರ್ಜಿತ ಆಸ್ತಿ, ಅಂದರೆ ನೀವೇ ದುಡಿದು ಕೊಂಡದ್ದು, ಯಾರಿಗೆ ಬೇಕಾದರೂ ಬರೆಯಬಹುದು. ಪಕ್ಕದ ಮನೆಯವರಿಗೂ, ಮಠಕ್ಕೂ, ಶಾಲೆಗೂ. ಪಿತ್ರಾರ್ಜಿತ ಅಂದರೆ ಒಟ್ಟು ಕುಟುಂಬದ ಆಸ್ತಿ, ಅದರಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟನ್ನು ಮಾತ್ರ. ಅದರಲ್ಲಿ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಷ್ಟೇ ಹುಟ್ಟಿನಿಂದ ಬಂದ ಹಕ್ಕಿದೆ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣು ಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು, 2005ರ ತಿದ್ದುಪಡಿ ದೇಶಕ್ಕೆಲ್ಲ, ಮದುವೆಯಾದವರಿಗೂ ಸೇರಿಸಿ ಕೊಟ್ಟಿತು. ಆಗ ಅಪ್ಪ ಬದುಕಿರಬೇಕಿತ್ತಾ ಬೇಡವಾ ಅನ್ನುವ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿದೆ, ಬದುಕಿರಬೇಕಿಲ್ಲ. ಆದ್ದರಿಂದ "ಮಗಳ ಮದುವೆಗೆ ಖರ್ಚು ಮಾಡಿದ್ದೇನೆ, ಹಿರಿಯರ ಜಮೀನು ಪೂರ್ತಿ ಮಗನಿಗೆ" ಅಂತ ಬರೆದರೆ ಮಗನಿಗೆ ಜಮೀನಿನ ಜೊತೆ ಒಂದು ಕೇಸನ್ನೂ ಬರೆದುಕೊಟ್ಟ ಹಾಗೆ.

ಇನ್ನೊಂದು ತಪ್ಪು ತಿಳಿವಳಿಕೆ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಲ್ಲ. ಅಪ್ಪ ಸ್ವಂತ ದುಡಿದು ಕೊಂಡು, ವಿಲ್ ಇಲ್ಲದೆ ತೀರಿಕೊಂಡು, 1956ರ ಕಾಯ್ದೆ ಪ್ರಕಾರ ನಿಮ್ಮ ಪಾಲಿಗೆ ಬಂದಿದ್ದರೆ ಅದು ಸಾಮಾನ್ಯವಾಗಿ ನಿಮ್ಮ ಸ್ವಂತದ್ದೇ. ಯಾವುದು ಯಾವುದು ಅಂತ ಹಳೇ ಕ್ರಯಪತ್ರ, ವಿಭಾಗಪತ್ರ ನೋಡಿದರೆ ಗೊತ್ತಾಗುತ್ತದೆ, ಪಹಣಿ ನೋಡಿದರೆ ಸಾಲದು. ಉಳುವವನೇ ಒಡೆಯ ಕಾಯ್ದೆಯಲ್ಲಿ ಬಂದ ಜಮೀನು, ಸರ್ಕಾರ ದರಖಾಸ್ತಿನಲ್ಲಿ ಮಂಜೂರು ಮಾಡಿದ ಜಮೀನು, ಇವುಗಳಿಗೆ ಷರತ್ತುಗಳಿರುತ್ತವೆ. ಕರಾವಳಿಯಲ್ಲಿ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಹಕ್ಕು ಬರುವ, ಕುಟುಂಬದ ಆಸ್ತಿ ಇದ್ದರೆ ಅದರ ಲೆಕ್ಕ ಇನ್ನೂ ಬೇರೆ. ಇಂಥವು ಇದ್ದವರು ವಕೀಲರಿಗೆ ತೋರಿಸಿಯೇ ಬರೆಯಿರಿ, ಅಲ್ಲಿ ಉಳಿಸುವ ಫೀಸು ಉಳಿತಾಯ ಅಲ್ಲ.

ಮುಸ್ಲಿಮರಿಗೆ ಕಾನೂನು ಬೇರೆ. ಸಾಲ, ಅಂತ್ಯಕ್ರಿಯೆ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ವಾರಸುದಾರರಲ್ಲದವರಿಗೆ ಬರೆಯಬಹುದು, ಜಾಸ್ತಿ ಬರೆಯಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರು ಪೂರ್ತಿ ಬರೆಯಬಹುದು, ಆದರೆ ವಿಲ್ ಬರೆದ ಮೇಲೆ ಮದುವೆಯಾದರೆ ಆ ವಿಲ್ ತಾನಾಗೇ ರದ್ದು, ಹೊಸದಾಗಿ ಬರೆಯಬೇಕು. ಹಿಂದೂಗಳಿಗೆ ಈ ನಿಯಮ ಇಲ್ಲ.

ನಾಮಿನಿ ಹಾಕಿದ್ದೇನಲ್ಲ, ಸಾಕಲ್ವಾ?

ಸಾಲದು. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಇಸಿದುಕೊಳ್ಳುವ ಕೈ, ಅಷ್ಟೇ. ಆ ದುಡ್ಡು ಯಾರದು ಅನ್ನುವುದನ್ನು ವಿಲ್ ಹೇಳುತ್ತದೆ, ವಿಲ್ ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು ಹೇಳುತ್ತದೆ. ಷೇರುಗಳ ವಿಷಯದಲ್ಲೂ ಹೀಗೇ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ನಾಮಿನಿ ಹಾಕುವುದನ್ನು ಬಿಡಬೇಡಿ, ಇಲ್ಲದಿದ್ದರೆ ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಅನ್ನುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಆಗುತ್ತದೆ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಹೇಳಬಹುದು. ವಿಲ್‌ನಲ್ಲಿ ಒಂದು ಹೆಸರು, ನಾಮಿನಿ ಕಾಲಂನಲ್ಲಿ ಮದುವೆಗೆ ಮುಂಚೆ ಹಾಕಿದ್ದ ಅಮ್ಮನ ಹೆಸರು, ಹೀಗೆ ಇರದಂತೆ ಎರಡನ್ನೂ ಒಂದೇ ದಿನ ಕೂತು ಹೊಂದಿಸಿ.

ಪಟ್ಟಿ ಮಾಡುವ ಕೆಲಸ

ಬರೆಯಲು ಕೂರುವ ಮೊದಲು ಒಂದು ಭಾನುವಾರ ಬೀರು ಖಾಲಿ ಮಾಡಿ. ಮನೆಗೆ ಕ್ರಯಪತ್ರ, ಇ-ಖಾತಾ, ಕಂದಾಯ ಕಟ್ಟಿದ ರಸೀದಿ. ಜಮೀನಿಗೆ ಇತ್ತೀಚಿನ ಪಹಣಿ, ಮ್ಯುಟೇಶನ್ ಪ್ರತಿ. ಹಳ್ಳಿ ಮನೆಯಾದರೆ ಪಂಚಾಯ್ತಿಯ ಇ-ಸ್ವತ್ತು. ಎಫ್‌ಡಿ, ಎಲ್‌ಐಸಿ, ಪಿಎಫ್, ಮ್ಯೂಚುವಲ್ ಫಂಡ್, ಡಿಮ್ಯಾಟ್, ಲಾಕರ್, ಚಿನ್ನ. ಕೈಸಾಲ ಕೊಟ್ಟಿದ್ದು, ತಂದಿದ್ದು. ಸಾಲವನ್ನು ಬಚ್ಚಿಡಬೇಡಿ. ಆಸ್ತಿ ಹಂಚುವ ಮೊದಲು ಸಾಲ ತೀರಬೇಕು, ಅದು ಮಕ್ಕಳಿಗೆ ಬ್ಯಾಂಕಿನ ನೋಟಿಸ್ ಬಂದ ಮೇಲೆ ಗೊತ್ತಾಗುವುದು ಬೇಡ.

ಆಸ್ತಿ ವಿವರ ಬರೆಯುವುದು ಹೀಗೆ. "ಊರಿನ ತೋಟ ದೊಡ್ಡವನಿಗೆ" ಅಂದರೆ ಸಾಲದು. ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ಅದರ ಹಿಸ್ಸಾ, ಎಷ್ಟು ಎಕರೆ ಎಷ್ಟು ಗುಂಟೆ, ನಾಲ್ಕು ಕಡೆ ಚಕ್ಕುಬಂದಿ. ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಶೆಟ್ಟರ ತೋಟ" ಅಂತ ಬರೆದಿರುತ್ತಾರೆ, ಶೆಟ್ಟರು ಅದನ್ನು ಮಾರಿ ಇಪ್ಪತ್ತು ವರ್ಷ ಆಗಿರುತ್ತದೆ. ಈಗ ಪಕ್ಕದಲ್ಲಿ ಯಾರಿದ್ದಾರೋ ಅವರ ಹೆಸರು ಹಾಕಿ, ಸರ್ವೆ ನಂಬರ್ ಹಾಕಿದರೆ ಇನ್ನೂ ಒಳ್ಳೆಯದು, ಅದು ಮಾರಾಟವಾಗುವುದಿಲ್ಲ. ದೊಡ್ಡಪ್ಪನ ವಿಲ್‌ನಲ್ಲಿ "ಸರ್ವೆ ನಂಬರ್ 47ರಲ್ಲಿ 2 ಎಕರೆ 10 ಗುಂಟೆ" ಅಂತ ಮಾತ್ರ ಇತ್ತು. 47/2 ಅಂತ ಒಂದು ಗೀಟು ಒಂದು ಅಂಕಿ ಸೇರಿಸಿದ್ದರೆ ನಾವು ಎಂಟು ಸಲ ತಾಲ್ಲೂಕು ಆಫೀಸಿಗೆ ಹೋಗುವುದು ತಪ್ಪುತ್ತಿತ್ತು.

ಬರವಣಿಗೆ

ಛಾಪಾ ಕಾಗದ ಬೇಡ. ಬಿಳಿ ಹಾಳೆ ಸಾಕು. ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ. ಕೈಯಲ್ಲಿ ಬರೆಯಬಹುದು, ಟೈಪ್ ಮಾಡಿಸಬಹುದು, ಕನ್ನಡದಲ್ಲೇ ಬರೆಯಬಹುದು. ಕನ್ನಡ ಬಲ್ಲವರು ಕನ್ನಡದಲ್ಲೇ ಬರೆಯಿರಿ ಅನ್ನುತ್ತೇನೆ, ಯಾಕೆಂದರೆ ಬರೀ ಕನ್ನಡ ಬಲ್ಲ ಅಜ್ಜಿಯ ಹೆಬ್ಬೆಟ್ಟು ಇಂಗ್ಲಿಷ್ ವಿಲ್ ಕೆಳಗೆ ಇದ್ದರೆ ಎದುರು ಪಾರ್ಟಿಯ ವಕೀಲರಿಗೆ ಅದೇ ಮೊದಲ ಪ್ರಶ್ನೆ. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಕಾನೂನಿನ ಭಾಷೆಯೇ ಬೇಕು ಅಂತಿಲ್ಲ, ನಿಮ್ಮ ಉದ್ದೇಶ ಸ್ಪಷ್ಟವಾಗಿದ್ದರೆ ಆಯಿತು. ಸುಮಾರಾಗಿ ಹೀಗಿರಲಿ:

"ಇಂಥ ಊರಿನಲ್ಲಿ ವಾಸವಿರುವ, ಇಂಥವರ ಮಗಳಾದ, ಇಷ್ಟು ವರ್ಷ ವಯಸ್ಸಿನ ನಾನು ಇಂಥ ದಿನ ಬರೆದ ಮರಣಶಾಸನ. ನಾನು ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆದಿದ್ದೇನೆ. ಇದೇ ನನ್ನ ಕೊನೆಯ ಮರಣಶಾಸನ, ಇದಕ್ಕೆ ಮೊದಲು ಬರೆದಿದ್ದವೆಲ್ಲ ರದ್ದು. ನನಗೆ ಗಂಡ, ಒಬ್ಬ ಮಗ, ಇಬ್ಬರು ಹೆಣ್ಣು ಮಕ್ಕಳು ಇದ್ದಾರೆ. ಷೆಡ್ಯೂಲಿನಲ್ಲಿ ಹೇಳಿದ ಸ್ವತ್ತುಗಳು ನನ್ನ ಸ್ವಯಾರ್ಜಿತ. ನಾನು ಬದುಕಿರುವವರೆಗೂ ಇವು ನನ್ನವೇ. ನನ್ನ ಕಾಲಾನಂತರ ಒಂದನೇ ಷೆಡ್ಯೂಲಿನ ಮನೆ ದೊಡ್ಡ ಮಗಳಿಗೆ ಸೇರತಕ್ಕದ್ದು. ಅವಳು ನನಗಿಂತ ಮೊದಲೇ ಕಾಲವಾಗಿದ್ದರೆ ಅವಳ ಮಕ್ಕಳಿಗೆ ಸಮವಾಗಿ ಸೇರತಕ್ಕದ್ದು. ಇಲ್ಲಿ ಹೆಸರಿಸದ, ಮುಂದೆ ನಾನು ಸಂಪಾದಿಸುವ ಎಲ್ಲವೂ ಮೂವರು ಮಕ್ಕಳಿಗೆ ಸಮವಾಗಿ ಸೇರತಕ್ಕದ್ದು. ಇದನ್ನು ಜಾರಿ ಮಾಡಲು ಇಂಥವರನ್ನು ನೇಮಿಸಿದ್ದೇನೆ."

ಇದರಲ್ಲಿ ಎರಡು ವಾಕ್ಯಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಂದು, "ಮೊದಲೇ ಕಾಲವಾಗಿದ್ದರೆ" ಅನ್ನುವುದು. ಇನ್ನೊಂದು, "ಇಲ್ಲಿ ಹೆಸರಿಸದ ಎಲ್ಲವೂ" ಅನ್ನುವುದು. ಅದಿಲ್ಲದಿದ್ದರೆ ವಿಲ್ ಬರೆದ ಮೇಲೆ ಕೊಂಡ ಸೈಟಿಗೆ, ಮರೆತುಹೋದ ಎಫ್‌ಡಿಗೆ ವಿಲ್ ಇಲ್ಲದ ಹಾಗೇ ಲೆಕ್ಕ. ದೊಡ್ಡಪ್ಪ ಈ ವಾಕ್ಯ ಬರೆದು "ಉಳಿದದ್ದು ಚಿಕ್ಕವಳಿಗೆ" ಅಂದಿದ್ದರೂ ಸಾಕಿತ್ತು, ಸೈಟು ಹೋದರೂ ಬ್ಯಾಂಕಿನಲ್ಲಿದ್ದದ್ದು ಅವಳಿಗೆ ಬರುತ್ತಿತ್ತು. ವಿಲ್‌ನಲ್ಲಿ ಬರೆದ ಆಸ್ತಿಯನ್ನು ನೀವೇ ಮಾರಿದರೆ ಆ ಪಾಲು ಅಲ್ಲಿಗೆ ಮುಗಿಯಿತು, ಮಾರಿದ ದುಡ್ಡು ಆ ಮಗುವಿಗೆ ಅಂತ ಯಾರೂ ತಾವಾಗಿ ಅರ್ಥ ಮಾಡಿಕೊಳ್ಳುವುದಿಲ್ಲ.

ಒಬ್ಬರಿಗೆ ಕೊಡದೇ ಇರುವುದಾದರೆ ಅದನ್ನೂ ಬರೆಯಿರಿ. ಹೆಸರೇ ಎತ್ತದಿದ್ದರೆ "ಅಪ್ಪನಿಗೆ ಜ್ಞಾಪಕ ಇರಲಿಲ್ಲ, ಬುದ್ಧಿ ಸರಿ ಇರಲಿಲ್ಲ" ಅನ್ನುವ ವಾದಕ್ಕೆ ದಾರಿ. "ಎರಡನೇ ಮಗನಿಗೆ ಅಂಗಡಿ ಹಾಕುವಾಗ ಬಂಡವಾಳ ಕೊಟ್ಟಿರುವುದರಿಂದ ಇದರಲ್ಲಿ ಪಾಲು ಇಟ್ಟಿಲ್ಲ" ಅಂತ ಒಂದೇ ಸಾಲು ಸಾಕು. ಬೈಗುಳ ಬೇಡ. ವಿಲ್‌ನಲ್ಲಿ ಬೈದದ್ದನ್ನು ಮಕ್ಕಳು ಕೋರ್ಟಿನಲ್ಲಿ ಜೋರಾಗಿ ಓದಿಸಿಕೊಂಡು ಕೇಳಬೇಕಾಗುತ್ತದೆ.

ಹೆಂಡತಿಗೆ ಬದುಕಿರುವವರೆಗೆ ಮನೆ, ಆಮೇಲೆ ಮಕ್ಕಳಿಗೆ ಅಂತ ಬರೆಯುವುದು ನಮ್ಮ ಕಡೆ ತುಂಬಾ. ಬರೆಯಬಹುದು, ಆದರೆ ಈ ಒಂದು ವಾಕ್ಯದ ಮೇಲೆ ಕೋರ್ಟುಗಳಲ್ಲಿ ನಡೆದಿರುವ ವ್ಯಾಜ್ಯಕ್ಕೆ ಲೆಕ್ಕ ಇಲ್ಲ. ಹೆಂಡತಿಯ ಜೀವನಾಂಶದ ಬದಲಾಗಿ ಕೊಟ್ಟದ್ದಾದರೆ ಅದು ಅವರ ಪೂರ್ತಿ ಹಕ್ಕಾಗಿಬಿಡಬಹುದು. ಹೀಗೆ ಬರೆಯುವವರು ಆ ಪ್ಯಾರಾ ಒಂದನ್ನಾದರೂ ವಕೀಲರಿಂದ ಬರೆಸಿ. ನನ್ನನ್ನು ಕೇಳಿದರೆ, ಹೆಂಡತಿ ಮೇಲೆ ನಂಬಿಕೆ ಇದ್ದರೆ ಅವರ ಹೆಸರಿಗೇ ಪೂರ್ತಿ ಬರೆದುಬಿಡಿ, ಅರ್ಧಂಬರ್ಧ ಹಕ್ಕು ಕೊಟ್ಟು ಮುದಿ ವಯಸ್ಸಿನಲ್ಲಿ ಮಕ್ಕಳ ಮುಖ ನೋಡುವ ಹಾಗೆ ಮಾಡಬೇಡಿ. ಗಂಡ ಹೆಂಡತಿ ಸೇರಿ ಒಂದೇ ವಿಲ್ ಬರೆಯುವುದೂ ಬೇಡ, ಎರಡು ಬೇರೆ ಬೇರೆ ಬರೆಯಿರಿ. ಮಕ್ಕಳಿಗೆ 18 ತುಂಬಿಲ್ಲದಿದ್ದರೆ ಅವರನ್ನು ನೋಡಿಕೊಳ್ಳುವವರು ಯಾರು ಅಂತ ಹೆಸರು ಹಾಕಿ, ಅವರನ್ನು ಮೊದಲೇ ಕೇಳಿ.

ಜಾರಿ ಮಾಡುವವರು, ಇಂಗ್ಲಿಷಿನ ಎಕ್ಸಿಕ್ಯೂಟರ್, ನಿಮಗಿಂತ ಚಿಕ್ಕವರಿರಲಿ, ಊರಿನಲ್ಲೇ ಇರುವವರಾಗಲಿ. ಅಮೆರಿಕದಲ್ಲಿರುವ ಮಗನ ಹೆಸರು ಹಾಕುತ್ತಾರೆ. ಅವನು ರಜೆ ಹಾಕಿ ಬಂದು ಖಾತೆ ಬದಲಾವಣೆಗೆ ಎಷ್ಟು ದಿನ ನಿಂತಾನು? ಅಂದ ಹಾಗೆ ಹೊರದೇಶದಲ್ಲಿರುವ ಕನ್ನಡಿಗರು ಊರಲ್ಲಿರುವ ಆಸ್ತಿಗೆ ಅಂತಲೇ ಒಂದು ಬೇರೆ ವಿಲ್ ಮಾಡಿಡುವುದು ಒಳ್ಳೆಯದು, ಮತ್ತು ಅಲ್ಲಿಯ ವಿಲ್‌ನಲ್ಲಿ "ಹಿಂದಿನವೆಲ್ಲ ರದ್ದು" ಅಂತ ಬರೆಯುವಾಗ ಇಲ್ಲಿಯದನ್ನು ಹೊರತುಪಡಿಸಿ ಅಂತ ಸೇರಿಸುವುದನ್ನು ಮರೆಯಬೇಡಿ. ಅಪ್ಪ ಕೊಟ್ಟ ಪವರ್ ಆಫ್ ಅಟಾರ್ನಿ ಇದೆ ಅಂತ ಧೈರ್ಯದಿಂದ ಇರಬೇಡಿ, ಕೊಟ್ಟವರು ಹೋದ ದಿನವೇ ಅದೂ ಹೋಯಿತು.

ಈಗ ಸಾಕ್ಷಿಗಳು

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ಇಷ್ಟು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಅಥವಾ "ಇದು ನನ್ನ ಸಹಿ" ಅಂತ ನೀವು ಹೇಳಿದ್ದನ್ನು ಕೇಳಿರಬೇಕು. ಅವರೂ ನಿಮ್ಮ ಎದುರಿಗೇ ಸಹಿ ಹಾಕಬೇಕು. ಒಳಗೆ ಏನು ಬರೆದಿದೆ ಅಂತ ಅವರು ಓದಬೇಕಾಗಿಲ್ಲ. ನಮ್ಮಲ್ಲಿ ಏನು ಮಾಡುತ್ತಾರೆ ಅಂದರೆ, ಮನೆಯಲ್ಲಿ ಸಹಿ ಹಾಕಿ, ಹುಡುಗನ ಕೈಲಿ ಕಾಗದ ಕಳಿಸಿ, "ಮೇಷ್ಟ್ರು ಸೈನ್ ಹಾಕಿಸ್ಕೊಂಡು ಬಾ ಅಂದ್ರು" ಅಂತ ಅಂಗಡಿಯವರ ಹತ್ತಿರ ಸಹಿ ಹಾಕಿಸುತ್ತಾರೆ. ಆ ಅಂಗಡಿಯವರು ನಾಳೆ ಕೋರ್ಟಿನಲ್ಲಿ ನಿಜ ಹೇಳಿದರೆ ವಿಲ್ ಬಿತ್ತು, ಸುಳ್ಳು ಹೇಳಿದರೆ ಪಾಟಿ ಸವಾಲಿನಲ್ಲಿ ಬಿತ್ತು.

ವಿಲ್ ಮೇಲೆ ವ್ಯಾಜ್ಯ ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಲೇಬೇಕು, ರಿಜಿಸ್ಟರ್ ಆದ ವಿಲ್ ಆದರೂ ಅಷ್ಟೇ. ಇಬ್ಬರೂ ಸತ್ತಿದ್ದರೆ ಅಥವಾ ಸಿಗದಿದ್ದರೆ ಅವರ ಸಹಿ ಗುರುತಿಸುವವರನ್ನು ಕರೆತಂದು ಸಾಬೀತು ಮಾಡುವ ದಾರಿ ಇದೆ, ಅದು ಸುತ್ತು ದಾರಿ. ಆದ್ದರಿಂದ ಸಾಕ್ಷಿ ನಿಮಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರಿರಲಿ, ಊರು ಬಿಟ್ಟು ಹೋಗದವರಿರಲಿ, ಹೋದರೂ ಹುಡುಕಬಹುದಾದವರಿರಲಿ. ಸಹಿಯ ಕೆಳಗೆ ಪೂರ್ತಿ ಹೆಸರು, ತಂದೆ ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್ ಬರೆಸಿ. ವಿಲ್‌ನಲ್ಲಿ ಪಾಲು ಇರುವವರು ಸಾಕ್ಷಿ ಹಾಕಬಾರದು. ಕ್ರೈಸ್ತರಲ್ಲಿ ಹಾಗೆ ಹಾಕಿದರೆ ಅವರ ಪಾಲೇ ರದ್ದಾಗುತ್ತದೆ, ಹಿಂದೂಗಳಲ್ಲಿ ರದ್ದಾಗದಿದ್ದರೂ ಅನುಮಾನದ ಕಣ್ಣು ಬೀಳುತ್ತದೆ. ಮನೆಯ ಡಾಕ್ಟರು ಒಬ್ಬ ಸಾಕ್ಷಿಯಾದರೆ ತುಂಬಾ ಒಳ್ಳೆಯದು. ವಯಸ್ಸಾದವರಾಗಿದ್ದರೆ ಅವತ್ತಿನ ತಾರೀಖಿನದೇ ಒಂದು ಸರ್ಟಿಫಿಕೇಟ್ ಕೂಡ ತೆಗೆದುಕೊಳ್ಳಿ. ಓದು ಬರಹ ಬಾರದವರಾದರೆ "ಓದಿ ಹೇಳಿದ್ದನ್ನು ಕೇಳಿ, ಒಪ್ಪಿ ಹೆಬ್ಬೆಟ್ಟು ಹಾಕಿದ್ದಾರೆ" ಅನ್ನುವ ಸಾಲಿರಲಿ, ಅದನ್ನು ಬರೆದುಕೊಟ್ಟವರ ಸಹಿ, ಅಂದರೆ ಬಿಕ್ಕಲಂ, ಇರಲಿ.

ಪಾಲು ಜಾಸ್ತಿ ಬರುವ ಮಗನೋ ಮಗಳೋ ಮುಂದೆ ನಿಂತು ವಿಲ್ ಬರೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಮೈಸೂರಿನಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ವಿಲ್‌ನಿಂದ ಲಾಭ ಪಡೆಯುವವರೇ ಅದನ್ನು ಮಾಡಿಸುವುದರಲ್ಲಿ ಮುಂದಾಗಿದ್ದರೆ ಅದು ಅನುಮಾನದ ಸಂಗತಿ, ಆ ಅನುಮಾನ ತೆಗೆಯುವ ಹೊಣೆ ವಿಲ್ ತೋರಿಸುವವರದೇ ಅಂತ. ಆ ವಿಲ್ ನಿಲ್ಲಲಿಲ್ಲ. ದೇಶದ ಯಾವ ಮೂಲೆಯಲ್ಲಿ ವಿಲ್ ಕೇಸು ನಡೆದರೂ ಇವತ್ತಿಗೂ ಆ ತೀರ್ಪಿನ ಮಾತು ಬರುತ್ತದೆ. ಹಾಗಾಗಿ ಮಕ್ಕಳೇ, ಅಪ್ಪ ಅಮ್ಮನನ್ನು ರಿಜಿಸ್ಟ್ರೇಶನ್‌ಗೆ ಕರೆದುಕೊಂಡು ಹೋಗುವವರು ನೀವಾಗಬೇಡಿ, ಆಟೋ ಮಾಡಿ ಕಳಿಸಿ, ಜೊತೆಗೆ ಪಾಲಿಲ್ಲದ ಯಾರಾದರೂ ಹೋಗಲಿ.

ಪ್ರತಿ ಪುಟಕ್ಕೂ ಸಹಿ ಹಾಕಿ, ಪುಟಕ್ಕೆ ನಂಬರ್ ಹಾಕಿ. ತಿದ್ದಿದ ಕಡೆ, ಹೊಡೆದುಹಾಕಿದ ಕಡೆ ನಿಮ್ಮದೂ ಸಾಕ್ಷಿಗಳದೂ ಸಹಿ ಬೇಕು. ತಿದ್ದುವುದು ಜಾಸ್ತಿ ಇದ್ದರೆ ಹೊಸದೇ ಬರೆಯಿರಿ.

ರಿಜಿಸ್ಟರ್ ಮಾಡಿಸಬೇಕಾ?

ಕಡ್ಡಾಯ ಅಲ್ಲ. ನೋಟರಿ ಮುದ್ರೆಯೂ ಬೇಕಾಗಿಲ್ಲ, ನೋಟರಿ ಇದೆ ಅಂತ ಸಾಕ್ಷಿ ಬಿಡುವ ಹಾಗೂ ಇಲ್ಲ. ಆದರೂ ಜಮೀನು, ಮನೆ ಇದ್ದರೆ ಮಾಡಿಸಿಬಿಡಿ ಅಂತ ನಾನು ಹೇಳುತ್ತೇನೆ. ಶುಲ್ಕ ಚಿಕ್ಕದು. ಸರ್ಕಾರದ ನೋಂದಣಿ ಜಾಲತಾಣ ಕಾವೇರಿಯಲ್ಲಿ ಅರ್ಜಿ ಹಾಕಿ, ಟೈಮು ತೆಗೆದುಕೊಂಡು, ಇಬ್ಬರು ಸಾಕ್ಷಿಗಳ ಜೊತೆ ಗುರುತಿನ ಚೀಟಿ ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದರೆ ಫೋಟೋ, ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಓಡಾಡಲಾಗದವರು ಅರ್ಜಿ ಕೊಟ್ಟರೆ ಅಧಿಕಾರಿ ಮನೆಗೇ ಬರುವ ವ್ಯವಸ್ಥೆ ಕಾನೂನಿನಲ್ಲಿದೆ. ಮೂಲ ಕಳೆದುಹೋದರೂ ನಕಲು ಅಲ್ಲಿರುತ್ತದೆ, ನೀವು ಬದುಕಿರುವವರೆಗೆ ಅದನ್ನು ನಿಮಗೆ ಬಿಟ್ಟು, ಅಥವಾ ನೀವು ಅಧಿಕಾರ ಕೊಟ್ಟವರಿಗೆ ಬಿಟ್ಟು, ಬೇರೆ ಯಾರಿಗೂ ಕೊಡುವುದಿಲ್ಲ. ಗುಟ್ಟಾಗಿಯೇ ಇರಬೇಕು ಅನ್ನುವವರು ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರ್ ಹತ್ತಿರ ಇಡಬಹುದು.

ರಿಜಿಸ್ಟರ್ ಆಯಿತು ಅಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗಲ್ಲ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ಲೆಕ್ಕಕ್ಕೆ. ಸರಿಯಾಗಿ ಸಾಕ್ಷಿ ಹಾಕಿಸಿದ್ದರೆ ಆಮೇಲೆ ಬರೆದ ರಿಜಿಸ್ಟರ್ ಆಗದ ವಿಲ್ ಕೂಡ ಹಿಂದಿನ ರಿಜಿಸ್ಟರ್ ವಿಲ್ ಅನ್ನು ಮುರಿಯುತ್ತದೆ. ದಾನಪತ್ರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ದಾನಪತ್ರ ಬರೆದುಕೊಟ್ಟರೆ ಆಸ್ತಿ ಅವತ್ತೇ ಕೈಬಿಟ್ಟಿತು. ನೋಡಿಕೊಳ್ಳುತ್ತೇವೆ ಅಂದು ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ವಾಪಸ್ ಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಇದೆ, ಆದರೆ 75ನೇ ವಯಸ್ಸಿನಲ್ಲಿ ಉಪವಿಭಾಗಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕೂರುವುದು ಯಾರಿಗೆ ಬೇಕು.

ಆಮೇಲಿನ ಕೆಲಸ

ಕರ್ನಾಟಕದಲ್ಲಿ ಪ್ರೊಬೇಟ್, ಅಂದರೆ ವಿಲ್ ಸಾಬೀತಾಗಿದೆ ಅಂತ ಕೋರ್ಟ್ ಕೊಡುವ ಪತ್ರ, ಕಡ್ಡಾಯ ಅಲ್ಲ. ಮರಣ ಪ್ರಮಾಣಪತ್ರ, ವಿಲ್, ಆಸ್ತಿ ಕಾಗದ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಬೇಕು. ಮನೆಗೆ ಪಾಲಿಕೆ ಅಥವಾ ಪಂಚಾಯ್ತಿ, ಜಮೀನಿಗೆ ಕಂದಾಯ ಇಲಾಖೆ. ವಂಶವೃಕ್ಷ ಕೇಳಬಹುದು, ಅದನ್ನು ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ. ತಕರಾರು ಬಾರದಿದ್ದರೆ ಸಲೀಸು. ಯಾರಾದರೂ ಒಬ್ಬರು ತಕರಾರು ಕೊಟ್ಟರೆ ತಹಶೀಲ್ದಾರರು ವಿಲ್ ನಿಜವೋ ಸುಳ್ಳೋ ಅಂತ ತೀರ್ಮಾನ ಮಾಡುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತಾರೆ.

ನಮ್ಮ ಕಥೆ ಅಲ್ಲಿಯವರೆಗೆ ಹೋಗಲಿಲ್ಲ. ಎರಡನೇ ಸಾಕ್ಷಿ ಐದು ತಿಂಗಳ ಮೇಲೆ ಸಿಕ್ಕರು. ದೊಡ್ಡಪ್ಪನ ಮನೆ ಮುಂದಿನ ರೂಮಿನಲ್ಲಿ ಬಾಡಿಗೆಗಿದ್ದವರು, ಶಿವಮೊಗ್ಗದ ಹತ್ತಿರ ಮಗಳ ಮನೆಯಲ್ಲಿದ್ದರು. ಕಾಗದ ತೋರಿಸಿದಾಗ ಕನ್ನಡಕ ಹಾಕಿಕೊಂಡು ನೋಡಿ, "ಹೌದಮ್ಮ, ನಂದೇ ಸೈನು. 'ಇಲ್ಲೇ ಕೂತ್ಕೊಳ್ರೀ, ನಾನ್ ಹಾಕೋದ್ ನೋಡಿ ಹಾಕಿ' ಅಂದಿದ್ರು ಮೇಷ್ಟ್ರು, ಕಾಫಿನೂ ಕೊಟ್ಟಿದ್ರು" ಅಂದರು. ಅಷ್ಟು ಹೇಳುವವರು ಒಬ್ಬರಿದ್ದಾರೆ ಅಂತ ಗೊತ್ತಾದ ಮೇಲೆ ದಾಯಾದಿಗಳೂ ಹಿಸ್ಸಾ ವಿಷಯಕ್ಕೆ ಒಪ್ಪಿ ಸಹಿ ಹಾಕಿದರು. ಅಣ್ಣ ತನಗೆ ಬಂದ ಎಫ್‌ಡಿಯಲ್ಲಿ ಅರ್ಧ ತಂಗಿಗೆ ಕೊಟ್ಟ. ಅವನ ಒಳ್ಳೆಯತನ ಅದು, ವಿಲ್ ಬರೆಯುವಾಗ ಅದನ್ನು ನೆಚ್ಚಿಕೊಳ್ಳಬೇಡಿ.

ನನ್ನ ವಿಲ್ ಬರೆದು ಎರಡು ವರ್ಷ ಆಯಿತು. ಪ್ರತಿ ಯುಗಾದಿಗೆ ಒಂದು ಸಲ ತೆಗೆದು ಓದುತ್ತೇನೆ, ಮಾರಿದ್ದು ಕೊಂಡದ್ದು ಏನಾದರೂ ಇದೆಯಾ ಅಂತ. ಸಾಕ್ಷಿಗಳಿಬ್ಬರಲ್ಲಿ ಒಬ್ಬರು ಹೋದ ವರ್ಷ ಪುಣೆಗೆ ಹೋದರು, ಅವರ ಹೊಸ ವಿಳಾಸ ಒಂದು ಚೀಟಿಯಲ್ಲಿ ಬರೆದು ಅದೇ ಕವರಿನಲ್ಲಿ ಇಟ್ಟಿದ್ದೇನೆ. ಕವರ್ ಹಳೇ ಎಲ್‌ಐಸಿ ಫೈಲಿನಲ್ಲಿದೆ, ತಮ್ಮನಿಗೆ ತೋರಿಸಿದ್ದೇನೆ.